ಕೊಳಕ್ಕೆ ಕಟ್ಟಿದ ನೀಲಿ ದೀಪ

ಅವತ್ತು ನಿಮ್ಮೆಲ್ಲರ ಕಣ್ಣು ಉರಿದದ್ದು ಗಿರಿಜಕ್ಕನ ಕಾಡಿಗೆಯಿಂದಲ್ಲ. ನಾನು ಕೊಳದ ಮೇಲೆ ಕಟ್ಟಿದ ದೀಪದಿಂದ. ಇದು ನನಗೆ ಮರುದಿನ ಬೆಳಿಗ್ಗೆಯೇ ಗೊತ್ತಾಗಿತ್ತು. ಗೊತ್ತಾದರೂ ಬಾಯಿ ಮುಚ್ಚಿಕೊಂಡೆ — ಇಲ್ಲ, ಅದೂ ಪೂರ್ತಿ ನಿಜವಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಪಾಪ ಅರ್ಧದಷ್ಟಾದರೂ ಕಡಿಮೆಯಾಗುತ್ತಿತ್ತೇನೋ. ನಾನು ಬಾಯಿ ತೆರೆದೆ. ಒಂದೇ ಒಂದು ಪ್ರಶ್ನೆ ಕೇಳಿದೆ.

ಇದನ್ನು ಬರೆಯುತ್ತಿರುವುದು ನನ್ನ ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದ ನಿಮಗಾಗಿ — ಹಿರಿಯೂರಿನ ಬೀಗರಿಗೆ, ಹೊಸದುರ್ಗದ ನನ್ನ ತವರಿನವರಿಗೆ, ಹಿರೇಗುಂಟನೂರಿನ ನಮ್ಮ ದಾಯಾದಿಗಳಿಗೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ಈ ನಿಮ್ಮ ಸುಮಿತ್ರಳ ಬಾಯಿ ಎಂಥದೆಂದು ನಿಮಗೆ ಗೊತ್ತು. ಹೇಳಲು ಹೊರಟದ್ದನ್ನು ಅರ್ಧಕ್ಕೆ ಬಿಟ್ಟು, ಏನೋ ಒಂದು ತಮಾಷೆ ಮಾಡಿ, ನಿಮ್ಮನ್ನೆಲ್ಲ ನಗಿಸಿ ಎದ್ದುಬಿಡುತ್ತದೆ. ಬರೆದಿಟ್ಟುಕೊಂಡು ಓದಿದರೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ.

ಗಿರಿಜಕ್ಕ ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಅಣ್ಣತಮ್ಮಂದಿರಿಬ್ಬರದೂ ಒಂದೇ ಮನೆ, ಒಂದೇ ಅಂಗಡಿ — ಮೋಟಾರು, ಪಂಪು, ಪೈಪು ಮಾರುವ ಅಂಗಡಿ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅಕ್ಕ ಆ ಮನೆಯ ಒಲೆ, ಉಗ್ರಾಣ, ಅತ್ತೆ, ಮೂರನ್ನೂ ಗೆದ್ದಾಗಿತ್ತು. ನಾನು ಎಷ್ಟೇ ಚೆನ್ನಾಗಿ ಹೋಳಿಗೆ ತಟ್ಟಿದರೂ ಅತ್ತೆ, “ಪರವಾಗಿಲ್ಲ, ಗಿರಿಜಾ ಹತ್ರ ಇನ್ನೊಂಚೂರು ಕಲ್ತ್ಕ” ಅನ್ನುವರು. ಅಕ್ಕ ಮಾತ್ರ ಅದನ್ನು ಎಂದೂ ತಲೆಗೇರಿಸಿಕೊಳ್ಳಲಿಲ್ಲ. ಏರಿಸಿಕೊಂಡಿದ್ದರೆ ಅವಳನ್ನು ದ್ವೇಷಿಸುವುದು ನನಗೆ ಸುಲಭವಾಗುತ್ತಿತ್ತು.

ಅವಳಿಗೆ ಮಕ್ಕಳಾಗಲಿಲ್ಲ. ಮಕ್ಕಳಾಗದವಳನ್ನು ತೊಟ್ಟಿಲ ಹತ್ತಿರ ಕರೆಯಲು ನಮ್ಮ ಕಡೆ ಜನ ಹಿಂದೆಮುಂದೆ ನೋಡುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ; ಆರತಿ ತಟ್ಟೆ ಅವಳೊಬ್ಬಳನ್ನು ಬಿಟ್ಟು ಪಕ್ಕದವಳ ಕೈಗೆ ಹೋಗುತ್ತದೆ, ಅಷ್ಟೆ. ಗಿರಿಜಕ್ಕನ ವಿಷಯದಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ ಅವಳ ಕಾಡಿಗೆ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ನೆನೆಸುವುದು, ನೆರಳಲ್ಲಿ ಒಣಗಿಸುವುದು, ಬತ್ತಿ ಹೊಸೆದು ಹರಳೆಣ್ಣೆಯಲ್ಲಿ ಉರಿಸುವುದು, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಮಸಿ ಹಿಡಿಯುವುದು, ಅದನ್ನು ತುಪ್ಪದಲ್ಲಿ ಕಲೆಸುವುದು — ಇಷ್ಟೇ. ಯಾರು ಬೇಕಾದರೂ ಮಾಡಬಹುದು, ನಾನೂ ಮಾಡಿ ನೋಡಿದ್ದೇನೆ. ಆದರೆ ಜನ ಹೇಳುತ್ತಿದ್ದುದು ಕಾಡಿಗೆಯ ಮಾತಲ್ಲ, ಕೈಗುಣದ ಮಾತು. “ಗಿರಿಜಮ್ಮನ ಕೈಲಿ ಕಾಡಿಗೆ ಹಚ್ಚಿಸ್ಕಂಡ ಕೂಸಿಗೆ ಕಣ್ಣುಬ್ಯಾನೆ ಬರಲ್ಲ” ಅನ್ನುವರು. ಹೊಳಲ್ಕೆರೆಯಿಂದ, ಹೊಸದುರ್ಗದಿಂದ, ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅವಳಿಗೆ ಕರೆ ಬರುತ್ತಿತ್ತು. ಹೆರದ ಹೆಂಗಸು ಎಲ್ಲರ ತೊಟ್ಟಿಲ ಪಕ್ಕ ಮೊದಲಿಗಳಾಗಿ ಕೂರುತ್ತಿದ್ದಳು. ಅವಳಿಗೆ ಲೋಕದಲ್ಲಿ ಇದ್ದದ್ದು ಅದೊಂದೇ ಜಾಗ.

ನನಗೆ ಇದ್ದದ್ದು ಕೊಳ.

ಮನೆಯ ಮುಂದೆ ನೀರಿನ ತೊಟ್ಟಿಗೆಂದು ತೋಡಿ ಅರ್ಧಕ್ಕೆ ಬಿಟ್ಟ ಗುಂಡಿಯೊಂದಿತ್ತು. ಅದಕ್ಕೆ ಸಿಮೆಂಟು ಬಳಿಸಿ, ಸುತ್ತ ಕಡಪ ಕಲ್ಲು ಹಾಸಿಸಿ, ನೈದಿಲೆ ನೆಟ್ಟು, ಬಂಗಾರದ ಮೀನು ಬಿಟ್ಟೆ. ನಮ್ಮ ಊರಲ್ಲಿ ಕುಡಿಯುವ ನೀರಿಗೇ ಪರದಾಟ, ಇವಳಿಗೆ ಮೀನು ಸಾಕುವ ಹುಚ್ಚು ಎಂದು ನಕ್ಕವರು ಬಹಳ ಮಂದಿ. ಅವರು ಇನ್ನೂ ಜೋರಾಗಿ ನಗುವ ಹಾಗೆ ಎರಡೇ ವಾರಕ್ಕೆ ನೀರು ಹಸಿರಾಯಿತು. ಹಸಿರೆಂದರೆ ಪಾಲಕ್ ಸೊಪ್ಪು ರುಬ್ಬಿ ಸುರಿದ ಹಸಿರು. ಮೀನು ಇದೆಯೋ ಸತ್ತಿದೆಯೋ ಕಾಣದು. ನೀರು ಚೆಲ್ಲಿ ಹೊಸದು ತುಂಬಿಸಿದರೆ ನಾಲ್ಕು ದಿನ ಚೆನ್ನಾಗಿರುವುದು, ಮತ್ತೆ ಪಾಚಿ. ಬಟ್ಟೆಯಲ್ಲಿ ಸೋಸಿದೆ, ತೆಂಗಿನ ಗರಿಯ ನೆರಳು ಮಾಡಿದೆ, ಬೇವಿನ ಸೊಪ್ಪು ಹಾಕಿದೆ. ಪಾಚಿ ಯಾವುದಕ್ಕೂ ಜಗ್ಗಲಿಲ್ಲ.

ಕೊನೆಗೆ ನಮ್ಮ ಯಜಮಾನರು ಅಂಗಡಿಯ ಮಾಲಿನ ಜೊತೆ ಒಂದು ಯು.ವಿ. ದೀಪ ತರಿಸಿಕೊಟ್ಟರು. ಕರಿಯ ದಪ್ಪ ಕೊಳವೆ. ಅದರೊಳಗೆ ಗಾಜಿನ ಅಂಗಿ ತೊಟ್ಟ ಪುಟ್ಟ ಟ್ಯೂಬ್‌ಲೈಟು. ಪಂಪು ಕೊಳದ ನೀರನ್ನು ಎತ್ತಿ ಆ ಕೊಳವೆಯೊಳಗೆ ಹಾಯಿಸುತ್ತದೆ. ನೀರು ದೀಪದ ಪಕ್ಕ ಹರಿಯುವಾಗ ಅದರಲ್ಲಿನ ಹಸಿರು ಕಣಗಳು ಸತ್ತು, ಒಂದಕ್ಕೊಂದು ಅಂಟಿಕೊಂಡು, ಮುಂದಿನ ಸ್ಪಂಜಿನಲ್ಲಿ ಸಿಕ್ಕಿಕೊಳ್ಳುತ್ತವೆ. ಔಷಧಿ ಬೇಡ, ಉಪ್ಪು ಬೇಡ, ಮೀನಿಗೆ ತೊಂದರೆಯಿಲ್ಲ. ಹೊರಗೆ ಬೆಳಕೇ ಕಾಣದು. ಕೊಳವೆಯ ತುದಿಯಲ್ಲಿ ಬೆರಳಗಲದ ಒಂದು ಕಿಂಡಿಯಲ್ಲಿ ಮಾತ್ರ ಮಂದ ನೀಲಿ. ಒಂದು ವಾರ ಕಳೆಯುವಷ್ಟರಲ್ಲಿ ಕೊಳದ ತಳದ ಕಲ್ಲು ಎಣಿಸುವ ಹಾಗಾಯಿತು. ನಕ್ಕವರೆಲ್ಲ ಬಂದು ನೋಡಿ ಹೋದರು. ನನಗೆ ಆದ ಹಿಗ್ಗನ್ನು ಹೇಳಿದರೆ ನಿಮಗೆ ನಗು ಬಂದೀತು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ “ಇದು ಸುಮಿತ್ರಾ ಮಾಡಿದ್ದು” ಅನ್ನಿಸಿಕೊಂಡದ್ದು ಅದೊಂದೇ.

ಕೊಳವೆಯ ಮೇಲೆ ಒಂದು ಚಿತ್ರ ಅಂಟಿಸಿದ್ದರು: ಒಂದು ಕಣ್ಣು, ಅದರ ಮೇಲೆ ಅಡ್ಡಗೀಟು. ಕೆಳಗೆ, ದೀಪವನ್ನು ಹೊರಗೆ ಉರಿಸಬಾರದು, ನೋಡಬಾರದು, ಕಣ್ಣಿಗೂ ಚರ್ಮಕ್ಕೂ ಅಪಾಯ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಪಿಯುಸಿ ಸೈನ್ಸು ಓದಿದವಳು. ನನಗೆ ಓದಲು ಬರುತ್ತದೆ, ಓದಿದ್ದೆ.

ಮಗಳು ರಶ್ಮಿ ಚೊಚ್ಚಲ ಬಾಣಂತನಕ್ಕೆ ಬಂದಳು, ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ಶಾಸ್ತ್ರ ಹತ್ತಿರ ಬರುತ್ತಿದ್ದ ಹಾಗೆಯೇ ಕೊಳ ಮತ್ತೆ ಹಸಿರಾಗತೊಡಗಿತು. ನಮ್ಮ ಬೋರಿನ ನೀರು ಗಡಸು. ಸ್ಟೀಲು ಕೊಡಕ್ಕೆ ಕಟ್ಟುವ ಹಾಗೆ ದೀಪದ ಗಾಜಿನ ಅಂಗಿಗೂ ಬಿಳಿ ಗಾರು ಕಟ್ಟಿತ್ತು. ಬೆಳಕು ಗಾರು ದಾಟಿ ನೀರಿಗೆ ತಲುಪುತ್ತಿರಲಿಲ್ಲ. ಶಾಸ್ತ್ರದ ದಿನ ಬೆಳಿಗ್ಗೆ ನಾನೇ ಕೊಳವೆ ಬಿಚ್ಚಿ, ಹಿತ್ತಾಳೆ ಚೊಂಬು ತಿಕ್ಕುವ ಹಾಗೆ ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿದೆ. ಚೊಂಬಿಗೂ ಗಾಜಿಗೂ ವ್ಯತ್ಯಾಸವಿದೆ ಎಂಬುದು ಅದು ಪಟ್ಟನೆ ಒಡೆದಾಗ ನೆನಪಾಯಿತು. ಗಾಜಿಲ್ಲದೆ ಕೊಳವೆಯೊಳಗೆ ನೀರು ಬಿಡುವಂತಿಲ್ಲ. ಕೈಯಲ್ಲಿ ಉಳಿದದ್ದು ಬರೀ ದೀಪ.

ಯಜಮಾನರು ಅಡುಗೆಯವರನ್ನು ಕರೆತರಲು ಹೋಗಿದ್ದರು. ಬೀಗರು ಮಧ್ಯಾಹ್ನಕ್ಕೆ ಬರುವವರು. ಕೊಳ ನೋಡಿದರೆ ಪಾಲಕ್ ಸಾರು. ಆಗ ನನ್ನ ತಲೆಗೆ ಹೊಳೆದದ್ದು — ಕೊಳವೆಯೊಳಗೆ ಬಚ್ಚಿಟ್ಟುಕೊಂಡೇ ಇಷ್ಟು ಕೆಲಸ ಮಾಡುವ ದೀಪ, ಬಯಲಲ್ಲಿ ನೇರ ನೀರಿನ ಮೇಲೆ ಬೆಳಗಿದರೆ ಇನ್ನೆಷ್ಟು ಮಾಡೀತು! ಕೊಳದ ಮೇಲೆ ಚಪ್ಪರ ಹಾಕಿತ್ತು. ಅದರ ಗಳಕ್ಕೆ, ಮಾವಿನ ತೋರಣದ ನಡುವೆ, ದೀಪ ಕಟ್ಟಿ ವೈರು ಎಳೆದೆ. ಚಪ್ಪರದ ನೆರಳಲ್ಲಿ ತಿಳಿ ನೀಲಿ ಬೆಳಕು ಚೆಲ್ಲಿತು. ಎಷ್ಟು ಚೆಂದ ಕಂಡಿತೆಂದರೆ, ಪಾಚಿ ಹೋಗದಿದ್ದರೂ ಸರಿ, ಇದು ಹೀಗೇ ಇರಲಿ ಅನ್ನಿಸಿತು. ಅಡ್ಡಗೀಟು ಎಳೆದ ಆ ಕಣ್ಣು ನೆನಪಾಗಲಿಲ್ಲವೇ? ಆಯಿತು. ನೆಟ್ಟ ನೋಟದಿಂದ ನೋಡಿದರೆ ತಾನೇ ಅಪಾಯ, ಸೂರ್ಯನನ್ನೂ ಯಾರೂ ನೆಟ್ಟು ನೋಡುವುದಿಲ್ಲವಲ್ಲ ಎಂದುಕೊಂಡೆ. ಅವಸರದಲ್ಲಿದ್ದವಳಿಗೆ ಸಮಾಧಾನ ಎಷ್ಟು ಬೇಗ ಸಿಗುತ್ತದೆ ನೋಡಿ.

ನಡುಮನೆಯಲ್ಲಿ ತೊಟ್ಟಿಲು ತೂಗಿದೆವು, ಹೆಸರಿಟ್ಟೆವು — ಸಿಂಚನಾ. ಗಿರಿಜಕ್ಕ ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚಿ, ತಾನೂ ಹಚ್ಚಿಕೊಂಡಳು. ಆಮೇಲೆ ಅವಳ ತಾಮ್ರದ ತಟ್ಟೆ ಹೆಂಗಸರ ನಡುವೆ ಸುತ್ತಿತು. ಒಬ್ಬೊಬ್ಬರೂ ಒಂದೊಂದು ಬೆರಳು ತೆಗೆದು ಹಚ್ಚಿಕೊಂಡಿರಿ. ಹಚ್ಚಿಕೊಂಡು ಎಲ್ಲರೂ ಕೊಳದ ಹತ್ತಿರ ಬಂದಿರಿ, ಗಂಡಸರೂ ಬಂದು ಸೇರಿದರು. ಜಮಖಾನ ಹಾಸಿತ್ತು, ಎಲೆ ಅಡಿಕೆ ಇತ್ತು. ಫೋಟೋ ಹೊಡೆಸಿಕೊಂಡಿರಿ, ಹಾಡು ಹೇಳಿದಿರಿ, ಹೊತ್ತು ಮುಳುಗುವ ತನಕ ಅಲ್ಲೇ ಕೂತಿರಿ. ಕೂಸು ಗದ್ದಲಕ್ಕೆ ಬೆಚ್ಚುತ್ತದೆಂದು ಗಿರಿಜಕ್ಕ ಅದನ್ನು ಒಳಕೋಣೆಯಲ್ಲಿ ಮಲಗಿಸಿ ತಾನೂ ಪಕ್ಕದಲ್ಲಿ ಕೂತಳು. ಅವಳು ಹೊರಗೆ ಬರಲೇ ಇಲ್ಲ. ಶಾಂತಮ್ಮನವರೇ, ಬೀಗಿತ್ತಿಯಾಗಿ ನೀವು ಮೊದಲ ಸಲ ನಮ್ಮ ಮನೆಯನ್ನು ಹೊಗಳಿದ್ದು ಆಗಲೇ. “ಏನ್ ಚಂದ ಮಾಡಿದೀರ್ರಿ ಸುಮಿತ್ರಮ್ಮ, ಇಂದ್ರಲೋಕ ಇದ್ದಂಗೈತೆ” ಅಂದಿರಿ. ಆ ಮಾತು ಕೇಳಿ ನಾನು ದೀಪವನ್ನು ಇನ್ನೊಂಚೂರು ಕೆಳಕ್ಕೆ ಇಳಿಸಿ ಕಟ್ಟಿದೆ.

ರಾತ್ರಿ ಎಲ್ಲರೂ ನಮ್ಮಲ್ಲೇ ಉಳಿದಿರಿ. ಬೆಳಗಾಗುವಷ್ಟರಲ್ಲಿ ಮನೆ ತುಂಬ ನರಳಾಟ. ಕಣ್ಣಿಗೆ ಮರಳು ಸುರಿದ ಹಾಗೆ. ತೆರೆದರೆ ಚುಚ್ಚುವುದು, ಮುಚ್ಚಿದರೆ ಉರಿಯುವುದು, ನೀರು ಧಾರಾಕಾರ. ಮುಖದ ಚರ್ಮವೂ ಕೆಂಪಾಗಿತ್ತು. ಕಾಡಿಗೆಯನ್ನು ಯಾರಾದರೂ ಹಣೆಗೆ, ಮೂಗಿಗೆ, ಕುತ್ತಿಗೆಗೆ ಬಳಿದುಕೊಳ್ಳುತ್ತಾರೆಯೇ? ಯಾರೂ ಕೇಳಲಿಲ್ಲ. ಕಾಡಿಗೆ ಮುಟ್ಟದ ಗಂಡಸರ ಕಣ್ಣೂ ಉರಿಯುತ್ತಿತ್ತು; ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಂಡದ್ದಕ್ಕೆ ಹಾಗಾಗಿದೆ ಎಂದು ನೀವು ನೀವೇ ತೀರ್ಮಾನಿಸಿಕೊಂಡಿರಿ. ನಾನು ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋದೆ — ಕೂಸಿನ ಗತಿ ಏನಾಯಿತೋ ಎಂದು. ರೆಪ್ಪೆಯನ್ನು ಬೆರಳಲ್ಲಿ ಅಗಲಿಸಿ ನೋಡಿದೆ.

ಕೂಸು ಎದ್ದಿತ್ತು. ಎರಡೂ ಕಣ್ಣಿಗೆ ಕಾಡಿಗೆ ದಪ್ಪಗೆ ಹಾಗೇ ಇತ್ತು. ಕಣ್ಣು ಬೆಳ್ಳಗೆ ತಿಳಿಯಾಗಿ, ಪಿಳಿಪಿಳಿ ಬಿಡುತ್ತ ನನ್ನನ್ನೇ ನೋಡುತ್ತಿತ್ತು.

ಆ ಕ್ಷಣ ನನಗೆ ಎಲ್ಲವೂ ಗೊತ್ತಾಯಿತು. ಕಾಡಿಗೆ ಹಚ್ಚಿಕೊಂಡು ಒಳಗಿದ್ದ ಕೂಸಿಗೆ ಏನೂ ಆಗಿಲ್ಲ. ಕಾಡಿಗೆ ಹಚ್ಚಿಕೊಂಡು ಒಳಗಿದ್ದ ಗಿರಿಜಕ್ಕನಿಗೂ ಏನೂ ಆಗಿಲ್ಲ. ಕೊಳದ ಹತ್ತಿರ ಕೂತವರಿಗೆಲ್ಲ ಆಗಿದೆ. ಇದಕ್ಕೆ ಸೈನ್ಸು ಓದಿರಬೇಕಾಗಿಲ್ಲ. ನೇರ ಅಂಗಳಕ್ಕೆ ಹೋಗಿ, ಕಣ್ಣು ಮುಚ್ಚಿಕೊಂಡೇ ತಡವರಿಸಿ ದೀಪ ಬಿಚ್ಚಿ, ಸೀರೆ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹೇಳಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡೇ ನಡುಮನೆಗೆ ಬಂದೆ. ಇದನ್ನು ನೀವು ನಂಬಬೇಕಾಗಿಲ್ಲ. ನನಗೇ ಈಗ ನಂಬಿಕೆ ಇಲ್ಲ.

ನಡುಮನೆಯಲ್ಲಿ ಗಿರಿಜಕ್ಕ ಒಬ್ಬಳೇ ಎಲ್ಲರ ಆರೈಕೆಗೆ ನಿಂತಿದ್ದಳು. ತಣ್ಣೀರಲ್ಲಿ ಬಟ್ಟೆ ಹಿಂಡಿ ಒಬ್ಬೊಬ್ಬರ ಕಣ್ಣಿಗೂ ಇಡುತ್ತಿದ್ದಳು. “ಅಂಗಾತ ಮಲಿಕ್ಕಳ್ರಿ, ಉಜ್ಜಬ್ಯಾಡ್ರಿ, ಈಗ ಡಾಕ್ಟರ ಹತ್ರ ಹೋಗಾಣ” ಎಂದು ಸಮಾಧಾನ ಹೇಳುತ್ತಿದ್ದಳು. ಶಾಂತಮ್ಮನವರೇ, ನೀವು ಗೋಡೆಗೊರಗಿ ಅಳುತ್ತಿದ್ದಿರಿ: “ಇದೆಂಥ ಮನೆಗೆ ಸಂಬಂಧ ಮಾಡಿದ್ವಪ್ಪ, ಕಣ್ಣು ಕಳ್ಕಳಾಕೆ ಬಂದಂಗಾತಲ್ಲ!” ರಶ್ಮಿ ಆ ಮಾತು ಕೇಳಿ ಕಣ್ಣ ಮೇಲಿನ ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಇನ್ನೆರಡು ತಿಂಗಳಿಗೆ ಅವಳು ಕೂಸು ಎತ್ತಿಕೊಂಡು ಆ ಅತ್ತೆಯ ಮನೆಗೇ ಹೋಗಬೇಕಿತ್ತು. ಅಕ್ಕ ನನ್ನ ಕೈ ಹಿಡಿದು ಕೂರಿಸಿ ನನ್ನ ಕಣ್ಣಿಗೂ ಒದ್ದೆ ಬಟ್ಟೆ ಇಟ್ಟಳು. ಆ ಬಟ್ಟೆ ಎಷ್ಟು ತಂಪಾಗಿತ್ತು ಎಂದರೆ — ಅದರ ಅಡಿಯಿಂದಲೇ ನಾನು ಕೇಳಿದೆ:

“ಅಕ್ಕಾ, ಈ ಸಲ ಕಾಡಿಗೆಗೆ ಏನ್ ಹಾಕಿದ್ದೆ?”

ಅಷ್ಟೆ. ನಾನು ಸುಳ್ಳು ಹೇಳಲಿಲ್ಲ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಪ್ರಶ್ನೆ ಕೇಳಿದೆ. ಉಳಿದದ್ದನ್ನು ನೀವೇ ಮಾಡಿದಿರಿ. ಅಥವಾ ನೀವು ಮಾಡುತ್ತೀರಿ ಎಂದು ನನಗೆ ಗೊತ್ತಿತ್ತು. ಯಾರೋ, “ಹೌದಲ್ಲ, ಎಲ್ರೂ ಹಚ್ಕಂಡಿದ್ದು ಅದೇ” ಅಂದರು. ಇನ್ಯಾರೋ, “ಅವಳಿಗೊಬ್ಬಳಿಗೆ ಏನೂ ಆಗಿಲ್ಲ ನೋಡ್ರಿ” ಅಂದರು. ಅಕ್ಕನ ಕೈ ನನ್ನ ಕಣ್ಣ ಮೇಲಿನ ಬಟ್ಟೆಯ ಮೇಲೇ ಇತ್ತು. ಅವಳು ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. “ಯಾವಾಗ್ಲೂ ಹಾಕೋದೇ ಕಣೆ… ಬ್ಯಾರೆ ಏನ್ ಹಾಕ್ಲಿ?” ಅಂದಳು. ಅದನ್ನು ಯಾರು ಕೇಳಿಸಿಕೊಂಡಿರಿ? ಅದೇ ಕಾಡಿಗೆ ಹಚ್ಚಿಸಿಕೊಂಡ ಕೂಸಿನ ಕಣ್ಣನ್ನು ಯಾರು ಹೋಗಿ ನೋಡಿದಿರಿ?

ಕಣ್ಣಿನ ಡಾಕ್ಟರು ನನ್ನ ರೆಪ್ಪೆ ಬಿಡಿಸಿ ನೋಡಿ, “ವೆಲ್ಡಿಂಗ್ ಮಾಡೋ ಕಡೆ ಎಲ್ಲಾದ್ರೂ ನಿಂತಿದ್ರಾ? ಜೋರು ಲೈಟು ಏನಾದ್ರೂ?” ಎಂದು ಕೇಳಿದರು. ದೇವರು ಎರಡನೇ ಸಲ ಬಾಗಿಲು ತೆರೆದಿದ್ದ. “ಇಲ್ಲ ಸಾರ್, ಮನೇಲಿ ಮಾಡಿದ ಕಾಡಿಗೆ ಹಚ್ಚಿದ್ರು” ಅಂದೆ. ಈ ಸಲ ಅದು ಪ್ರಶ್ನೆಯೂ ಆಗಿರಲಿಲ್ಲ. ಡಾಕ್ಟರು ಮನೆಮದ್ದು ಮಾಡುವವರಿಗೆಲ್ಲ ಸೇರಿಸಿ ಬೈದರು, ಹನಿ ಬರೆದುಕೊಟ್ಟರು. ಎರಡು ಮೂರು ದಿನದಲ್ಲಿ ಎಲ್ಲರ ಕಣ್ಣೂ ಸರಿಹೋಯಿತು. ಯಾರ ದೃಷ್ಟಿಗೂ ಊನವಾಗಲಿಲ್ಲ. ಹಾಗಾಗಿ ದೊಡ್ಡದೇನೂ ಆಗಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅಕ್ಕನ ಮಾನ ಹೋದದ್ದು ಬೆರಳ ತುದಿಯ ಮಸಿಗೆ. ಅವಳನ್ನು ಎದುರಿಗೆ ಯಾರೂ ಬೈಯಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ. ಮೊದಲು ಕೈಗುಣ ಹೊಗಳಿದವರೇ, “ಹೆರದೋಳ ಕೈ, ಇವತ್ತಲ್ಲ ನಾಳೆ ಹಿಂಗಾಗದೇ ಇತ್ತಾ” ಅಂದರಂತೆ. ಆ ಮಾತು ನಮ್ಮ ಮನೆಯ ಅಂಗಳದಲ್ಲೇ, ಆ ಕೊಳದ ಪಕ್ಕದಲ್ಲೇ ನನ್ನ ಕಿವಿಗೂ ಬಿತ್ತು. ನಾನು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಹಬ್ಬ ಹುಣ್ಣಿಮೆ, ಸೀಮಂತ, ತೊಟ್ಟಿಲು — ಎಲ್ಲಕ್ಕೂ ಕರೆ ನನಗೆ ಬರತೊಡಗಿತು. ಉಗ್ರಾಣದ ಬೀಗದ ಕೈ ಹೇಗೋ ನನ್ನ ಸೊಂಟಕ್ಕೆ ಬಂತು. ಯಾವುದಕ್ಕೆ ಅಷ್ಟು ವರ್ಷ ಒಳಗೊಳಗೇ ಬೇಯುತ್ತಿದ್ದೆನೋ ಅದೆಲ್ಲ ಕೇಳದೆಯೇ ಸಿಕ್ಕಿತು. ನುಂಗಲಾರದ, ಉಗುಳಲಾರದ ಬಿಸಿ ತುಪ್ಪವಾಗಿ ಸಿಕ್ಕಿತು.

ಒಂದು ದಿನ ಅಕ್ಕ ನಾನಿದ್ದಲ್ಲಿಗೆ ಬಂದು ನಿಂತಳು. “ಸುಮಾ, ಯೋಚ್ನೆ ಮಾಡಿ ನೋಡ್ದೆ. ಹೊನಗೊನ್ನೆ ಸೊಪ್ಪು ಕೆರೆ ಹಿಂದಿನ ಹೊಲದ ಬದುವಿನಾಗೆ ಕಿತ್ತಿದ್ದೆ. ಆ ಹೊಲಕ್ಕೆ ಔಷಧಿ ಹೊಡೆದಿದ್ರೇನೋ. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ. ನಂದೇ ತಪ್ಪು ಕಣೆ, ಹೊಟ್ಟೇಲಿ ಹಾಕ್ಕ” ಅಂದಳು. ತಾನು ಮಾಡದ ತಪ್ಪಿಗೆ ತಾನೇ ಕಾರಣ ಹುಡುಕಿಕೊಂಡು ಬಂದಿದ್ದಳು. ನಾನು ಏನು ಮಾಡಬೇಕಿತ್ತು — ನಾನು ಮಾಡಿದ್ದೇನು ಗೊತ್ತೇ? ಅವಳ ಭುಜ ತಟ್ಟಿ, “ಹೋಗ್ಲಿ ಬಿಡಕ್ಕ, ಬೇಕಂತ ಮಾಡಿದ್ದಲ್ಲವಲ್ಲ” ಅಂದೆ. ಅವಳನ್ನು ಕ್ಷಮಿಸಿದೆ. ಬೇರೆ ಎಲ್ಲದಕ್ಕೂ ಏನಾದರೂ ನೆಪ ಸಿಕ್ಕೀತು, ಅದೊಂದಕ್ಕೆ ಸಿಗುವುದಿಲ್ಲ.

ಯಜಮಾನರಿಗೆ ಗೊತ್ತಿತ್ತೇ? ಗಾಜು ಒಡೆದದ್ದು ಅವರಿಗೆ ಕಂಡಿತ್ತು, ಚಪ್ಪರದಲ್ಲಿ ನೀಲಿ ಬೆಳಕನ್ನೂ ಅವರು ನೋಡಿದ್ದರು. ವಾರ ಕಳೆದ ಮೇಲೆ ಮಾತಿಲ್ಲದೆ ಹೊಸ ಗಾಜು ತಂದು ಮೇಜಿನ ಮೇಲಿಟ್ಟರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂದಿನಿಂದ ಆ ದೀಪ ಹಗಲೂ ರಾತ್ರಿ ಕೊಳವೆಯೊಳಗೆ ಉರಿಯುತ್ತಿದೆ. ಅದನ್ನು ಆರಿಸುವಂತಿಲ್ಲ, ಆರಿಸಿದರೆ ಪಾಚಿ ಬರುತ್ತದೆ, ಯಾಕೆ ಆರಿಸಿದೆ ಎಂದು ಜನ ಕೇಳುತ್ತಾರೆ. ವರ್ಷಕ್ಕೊಮ್ಮೆ ಅದರ ಕಸುವು ಹೋಗುತ್ತದೆ, ಬದಲಿಸಬೇಕು. ಬೇರೆಯವರ ಕೈಯಲ್ಲಿ ಮಾಡಿಸುವಂತಿಲ್ಲ. ಅವರು ಪೆಟ್ಟಿಗೆಯ ಮೇಲಿನ ಎಚ್ಚರಿಕೆ ಓದಿ, ಅಯ್ಯೋ ಇದು ಕಣ್ಣು ಸುಡುತ್ತಂತಲ್ಲಮ್ಮ ಎಂದು ಅಕ್ಕನ ಎದುರಿಗೆ ಅಂದುಬಿಟ್ಟರೆ? ಹಾಗಾಗಿ ಪ್ರತಿ ವರ್ಷ ನಾನೇ ಕೂತು ಬಿಚ್ಚುತ್ತೇನೆ, ನಾನೇ ಕಟ್ಟುತ್ತೇನೆ, ಪೆಟ್ಟಿಗೆಯನ್ನು ನೀರೊಲೆಗೆ ಹಾಕಿ ಸುಡುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು. ಮನೆ ಬಿಟ್ಟು ಮೂರು ದಿನ ಎಲ್ಲಿಗೂ ಹೋಗಲಾರೆ. ಜನ ನಗುತ್ತಾರೆ, ಸುಮಿತ್ರಮ್ಮನಿಗೆ ಮೀನಿನ ಮೇಲೆ ಎಷ್ಟು ಪ್ರೀತಿ ಎಂದು. ಮೀನಿಗೆ ಬೆಳಿಗ್ಗೆ ಹಿಟ್ಟು ಹಾಕುವವಳು ಗಿರಿಜಕ್ಕ. ತಿಳಿನೀರಿನ ಪಕ್ಕ ಕೂತು, ಒಂದೊಂದು ಮೀನನ್ನೂ ಹೆಸರು ಹಿಡಿದು ಕರೆಯುತ್ತಾಳೆ.

ಈ ಬೇಸಿಗೆಗೆ ಸಿಂಚನಾ ಬಂದಿದ್ದಳು. ಈಗ ಶಾಲೆಗೆ ಹೋಗುತ್ತಾಳೆ, ಮಾತು ನನ್ನ ಹಾಗೆ. ಅವಳ ಶಾಲೆಯಲ್ಲಿ ನೃತ್ಯಕ್ಕೆ ಅಂಗಡಿಯ ಕಾಡಿಗೆ ಹಚ್ಚಿದರೆ ಇಳಿದು ಮುಖವೆಲ್ಲ ಮಸಿಯಾಗುತ್ತದಂತೆ. “ನೀವು ಕಾಡಿಗೆ ಮಾಡ್ತಿದ್ರಂತೆ ಅಜ್ಜಿ, ನಂಗೂ ಮಾಡಿಕೊಡಿ” ಎಂದು ಅಕ್ಕನ ಮುಂದೆ ಹೋಗಿ ಮುಖ ಎತ್ತಿ ನಿಂತಳು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಕೈಗಳೆರಡನ್ನೂ ಸೆರಗಿನೊಳಗೆ ಎಳೆದುಕೊಂಡು, “ಬ್ಯಾಡ ಪುಟ್ಟಿ, ನನ್ನ ಕೈ ಒಳ್ಳೇದಲ್ಲ” ಅಂದಳು. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ.

ಮಗು ಹಿರಿಯೂರಿಗೆ ಹೋದ ಮರುದಿನ ಅಕ್ಕ ಹಿತ್ತಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ. ದೀಪ, ಗಾಜು, ಕೂಸಿನ ತಿಳಿಗಣ್ಣು, ಡಾಕ್ಟರು, ಒದ್ದೆ ಬಟ್ಟೆಯಡಿಯಿಂದ ನಾನು ಬೇಕೆಂದೇ ಕೇಳಿದ ಪ್ರಶ್ನೆ — ಒಂದನ್ನೂ ಬಿಡದೆ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ನಾಲ್ಕಾರು ಕಾಯಿ ಸುಲಿದಳು. ಆಮೇಲೆ ಕೇಳಿದಳು:

“ಹಂಗಾರೆ ನನ್ನ ಕೈಯಾಗೆ ಏನೂ ಇರ್ಲಿಲ್ಲ?”

“ಇರ್ಲಿಲ್ಲಕ್ಕ.”

“ಸೊಪ್ಪಿನಾಗೆ?”

“ಅದ್ರಾಗೂ ಇಲ್ಲ.”

ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. “ಅವತ್ತಿಂದ ನಾನು ಒಂದು ಕೂಸನ್ನೂ ಎತ್ಕಂಡಿಲ್ಲ ಕಣೆ ಸುಮಾ,” ಅಂದಳು. “ಎಲ್ಲಿ ಏನಾಗಿಬಿಡ್ತೈತೋ ಅಂತ.”

ಒಂದೇ ಮನೆಯಲ್ಲಿದ್ದು ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ರಶ್ಮಿಯ ಜೊತೆ ಬಂದ ಸಿಂಚನಾ ಅಂಬೆಗಾಲಿಡುತ್ತ ಅವಳ ಕಡೆ ಹೋದಾಗಲೆಲ್ಲ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದುದು, ಮಗು ಬಿದ್ದು ಅತ್ತರೂ ನನ್ನನ್ನೇ ಕೂಗುತ್ತಿದ್ದುದು, ಮಂಡಿನೋವು ಎತ್ತಲಾರೆ ಅನ್ನುತ್ತಿದ್ದುದು… ಅವಳ ಮಂಡಿಗೆ ಏನೂ ಆಗಿರಲಿಲ್ಲ. ಕರೆ ನಿಂತದ್ದು, ಮಾನ ಹೋದದ್ದು ಇಷ್ಟೇ ನಾನು ಮಾಡಿದ ನಷ್ಟ ಎಂದುಕೊಂಡಿದ್ದೆ. ಮಕ್ಕಳಿಲ್ಲದ ಅವಳಿಂದ ಮಕ್ಕಳನ್ನೇ ಕಿತ್ತುಕೊಂಡಿದ್ದೆ.

ಅವಳು ನನ್ನನ್ನು ಕ್ಷಮಿಸಿಲ್ಲ. ಬೈಯಲೂ ಇಲ್ಲ. ಎದ್ದು ಸೆರಗು ಕೊಡವಿಕೊಂಡು, “ಅವತ್ತು ಯಾರ್ಯಾರ ಮುಂದೆ ಕೇಳಿದ್ಯೋ ಅವರೆಲ್ಲರ ಮುಂದೆ ಹೇಳಿ ಬಾ. ಆಮೇಲೆ ನೋಡಾಣ” ಅಂದಳು. ಅವತ್ತಿನಿಂದ ಮನೆಯ ಹಿಂಭಾಗದಲ್ಲಿ ಬೇರೆ ಒಲೆ ಹಚ್ಚಿದ್ದಾಳೆ. ನಾನು ಮಾಡಿದ್ದನ್ನು ಉಣ್ಣುವುದಿಲ್ಲ, ತಾನು ಮಾಡಿದ್ದನ್ನು ನನಗೆ ಬಡಿಸುವುದಿಲ್ಲ. ಯಜಮಾನರು ಕೊಳಕ್ಕೆ ಮಣ್ಣು ಹಾಕಿಸಿ ಮುಚ್ಚಿಸೋಣ ಅಂದರು. ಬೇಡ ಅಂದೆ, ಮುಚ್ಚಿಟ್ಟದ್ದು ಸಾಕಾಗಿದೆ. ರಶ್ಮಿ ಫೋನು ಮಾಡಿ ಅತ್ತಳು: “ಎಲ್ರ ಮನೆ ದೋಸೇನೂ ತೂತೇ ಅಲ್ಲೇನಮ್ಮ, ಈಗ ಯಾಕೆ ಇದು? ನಮ್ಮತ್ತೆ ಮುಂದೆ ನಾನು ಹೆಂಗೆ ತಲೆ ಎತ್ಲಿ?” ಶಾಂತಮ್ಮನವರೇ, ಇದರಲ್ಲಿ ನನ್ನ ಮಗಳದ್ದು ಏನೂ ಇಲ್ಲ. ಬೈಯುವುದಿದ್ದರೆ ನಾನು ನಿಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಇದನ್ನು ಓದಿ ಮುಗಿಸಿದಾಗ ನನ್ನನ್ನೇ ಬೈಯಿರಿ. ಮೊದಲು ಬರುವುದು ನಿಮ್ಮ ಮನೆಗೇ. ಅಲ್ಲಿಂದ ಹೊಸದುರ್ಗ, ಆಮೇಲೆ ಹಿರೇಗುಂಟನೂರು.

ಹಿರೇಗುಂಟನೂರಿನವರೇ, ಬರುವ ತಿಂಗಳು ನೀವು ತೊಟ್ಟಿಲು ಕಟ್ಟುತ್ತಿದ್ದೀರಿ. ನನಗೆ ಕರೆ ಬಂದಿದೆ. ಅವಳಿಗೆ ಬಂದಿಲ್ಲ. ಇದನ್ನು ಕೇಳಿದ ಮೇಲೆ ನನ್ನನ್ನು ಒಳಗೆ ಸೇರಿಸುವುದು ಬಿಡುವುದು ನಿಮಗೆ ಸೇರಿದ್ದು. ಬಾಗಿಲಿಂದಲೇ ಕಳಿಸಿದರೂ ನಾನು ಎರಡು ಮಾತಾಡುವುದಿಲ್ಲ. ಗಿರಿಜಕ್ಕನನ್ನು ಕರೆಯಿರಿ. ಫೋನಲ್ಲಿ ಅಲ್ಲ, ಮನೆಗೆ ಬಂದು, ಕುಂಕುಮ ಕೊಟ್ಟು ಕರೆಯಿರಿ. ಅವಳು ಒಲ್ಲೆ ಅನ್ನುತ್ತಾಳೆ, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾಳೆ. ಬಿಡಬೇಡಿ. ಕೂಸನ್ನು ತಂದು ಅವಳ ಮಡಿಲಿಗೆ ಹಾಕಿ.